ನಾಲೆಯೂರಲ್ಲಿ ಹಾಯಿಹಡಗು

ಕತ್ತಲಗೆರೆಗೆ ಗೊತ್ತಿರುವುದು ಭದ್ರಾ ನಾಲೆಯ ನೀರು, ಸಮುದ್ರ ದೂರ. ಆದರೂ ಪುಟ್ಟ ಹಾಯಿಹಡಗಿನ ಮಾದರಿ ಕಟ್ಟಲು ಬೇಕಾದ ಹತಾರಗಳಲ್ಲಿ ಬಹುಪಾಲು ಇಲ್ಲಿನ ಮನೆಗಳಲ್ಲೇ ಸಿಗುತ್ತವೆ.

ನನಗೆ ತುಂಬಾ ಹಿಡಿಸಿದ್ದು ಬಿದಿರಿನ ಮೊಳೆ ಮಾಡುವ ಪಟ್ಟಿ. ಉಕ್ಕಿನ ತುಂಡೊಂದರಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತು ಕೊರೆಯಬೇಕು. ಸೀಳಿದ ಬಿದಿರುಕಡ್ಡಿಯನ್ನು ಒಂದೊಂದೇ ತೂತಿನಲ್ಲಿ ಎಳೆಯುತ್ತ ಬಂದರೆ ಕೊನೆಗೆ 1 ಮಿ.ಮೀ. ದಪ್ಪದ ದುಂಡು ಕಡ್ಡಿ ಉಳಿಯುತ್ತದೆ. ಅದನ್ನು ತುಂಡರಿಸಿ ಹಲಗೆಗಳಿಗೆ ಹೊಡೆಯುವುದು. ಬಿದಿರಿನ ನಾರು ಉದ್ದಕ್ಕೂ ನೇರ, ಅದಕ್ಕೇ ಎಳೆದರೂ ಮುರಿಯದು. ಎಂಥ ಚೆಂದದ ಗುಣ!

ಬಟ್ಟೆ ಒಣಗಿಸುವ ಮರದ ಕ್ಲಿಪ್ಪು ಬಿಚ್ಚಿ, ಕಡ್ಡಿಗಳ ಒಳಮೈ ಹೊರಗಾಗುವಂತೆ ತಿರುವಿ ಸ್ಪ್ರಿಂಗ್ ಹಾಕಿದರೆ ಸಪೂರ ಮೂತಿಯ ಇಕ್ಕಳ ಸಿದ್ಧ. ಅಂಟು ಒಣಗುವ ತನಕ ಹಲಗೆಯನ್ನು ಬಿಡದು.

ಹಗ್ಗದೇಣಿಯದು ನಾಜೂಕಿನ ಕೆಲಸ. ನಿಜವಾದ ಹಡಗಿನಲ್ಲಿ ಮೆಟ್ಟಿಲುಗಳ ಅಂತರ ಸುಮಾರು 38 ಸೆಂ.ಮೀ.; 64ರಲ್ಲಿ ಒಂದು ಪಾಲಿನ ಮಾದರಿಗೆ ಅದು 6 ಮಿ.ಮೀ. ಅಷ್ಟಷ್ಟಕ್ಕೆ ಗೆರೆ ಎಳೆದ ರಟ್ಟನ್ನು ದಾರಗಳ ಹಿಂದೆ ನಿಲ್ಲಿಸಿ ಗಂಟು ಹಾಕಿದರೆ ಸಾಲು ಓರೆಯಾಗದು.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಮಂಜಿಗಳನ್ನು ಒಮ್ಮೆ ನೋಡಿ ಬನ್ನಿ, ಅದನ್ನೇ ಕಟ್ಟಲು ಹಿಡಿಯಿರಿ. ದುಬಾರಿ ಉಪಕರಣಗಳಿಗೆ ಕಾಯಬೇಡಿ.