ಮೊರದ ಮುಂದೆ ಕುಳಿತ ಚೆಲುವು

ಕೆ.ಎಸ್. ನರಸಿಂಹಸ್ವಾಮಿ ಎಂದೊಡನೆ ನೆನಪಾಗುವುದು 1942ರಲ್ಲಿ ಬಂದ ‘ಮೈಸೂರು ಮಲ್ಲಿಗೆ’. ನವಿಲೂರು, ಬಳೆಗಾರ ಚೆನ್ನಯ್ಯ, ರಾತ್ರಿ ಹೊತ್ತು ಮಾವನ ಮನೆಗೆ ಬಂದಿಳಿದ ರಾಯರು ಎಲ್ಲರೂ ಕನ್ನಡಿಗರಿಗೆ ಮನೆಯವರೇ ಆಗಿಬಿಟ್ಟಿದ್ದಾರೆ. ಆದರೆ ಈ ಕವಿ ಸಂಸಾರದಲ್ಲಿ ಕಂಡ ಚೆಲುವಿನ ಆಳ ತಿಳಿಯಬೇಕಾದರೆ ‘ಅಕ್ಕಿ ಆರಿಸುವಾಗ’ ಕವಿತೆಗೇ ಬರಬೇಕು.

ಅದರಲ್ಲಿ ನಡೆಯುವುದು ತೀರ ಸಣ್ಣ ಸಂಗತಿ. ಹೆಂಗಸೊಬ್ಬಳು ಅಕ್ಕಿ ಆರಿಸುತ್ತಿದ್ದಾಳೆ. ನುಚ್ಚಿನ ನಡುವೆ ಓಡಾಡುವ ಬೆರಳಲ್ಲಿ ಚಿನ್ನವಿಲ್ಲ. ಕೊರಳಲ್ಲಿ ಕರಿಮಣಿ ಬಿಟ್ಟರೆ ಬೇರೇನಿಲ್ಲ. ಹೆರಳು ಸಿಂಗಾರ ಕಂಡಿಲ್ಲ. ನಮ್ಮ ಹಳೆಯ ಚಂಪೂ ಕವಿಗಳು ನಾಯಕಿಯನ್ನು ಬಣ್ಣಿಸುವಾಗ ಒಂದೊಂದು ಅಂಗಕ್ಕೂ ಒಂದೊಂದು ಉಪಮೆ ತೊಡಿಸುತ್ತಿದ್ದರು: ಮುಖಕ್ಕೆ ಚಂದ್ರ, ಕಣ್ಣಿಗೆ ತಾವರೆ. ನರಸಿಂಹಸ್ವಾಮಿಯವರೂ ಬೆರಳು, ಕೊರಳು, ಹೆರಳು ಎಂದು ಅದೇ ಹಾದಿಯಲ್ಲಿ ಹೋಗುತ್ತಾರೆ. ಆದರೆ ಅಲ್ಲಲ್ಲಿ ನಿಂತು ಏನಿಲ್ಲ ಎಂಬುದನ್ನು ಹೇಳುತ್ತಾರೆ. ಒಂದೊಂದು ‘ಇಲ್ಲ’ ಕೇಳಿದಾಗಲೂ ಆಕೆ ಮತ್ತಷ್ಟು ನಿಚ್ಚಳವಾಗಿ ಕಾಣುತ್ತಾಳೆ. ವರ್ಣನೆಯ ಸಂಪ್ರದಾಯವನ್ನು ಇಷ್ಟು ಮೆಲ್ಲಗೆ, ಇಷ್ಟು ಪೂರ್ತಿಯಾಗಿ ತಿರುಗಿಸಿಟ್ಟ ಇನ್ನೊಂದು ಕನ್ನಡ ಕವಿತೆ ನನಗೆ ಗೊತ್ತಿಲ್ಲ.

ಕಲ್ಲೊಂದು ಸಿಕ್ಕಿ ಅದನ್ನು ಎಸೆದಾಗ ಬಳೆ ಸದ್ದು ಮಾಡುತ್ತದೆ. ಕವಿ ಆ ಬಳೆಯ ಬಣ್ಣ ಹೇಳುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತಾರೆ. ಆ ಸದ್ದೂ ಕೆಲಸದಿಂದಲೇ ಹುಟ್ಟಿದ್ದು. ಚೆನ್ನಯ್ಯನ ಹಾಡಿನಲ್ಲಿ ಬಳೆ ಪ್ರೀತಿಯ ಗುರುತು. ಇಲ್ಲಿ ಅದು ದುಡಿಯುವ ಕೈಯ ಗುರುತು.

ಇದು ಬಡತನವನ್ನು ಚೆಂದಗಾಣಿಸುವ ಕವಿತೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಚಿನ್ನವಿಲ್ಲದ ಬೆರಳೇ ಚೆಂದ ಎಂದು ಹೊಗಳಿ ಅವಳನ್ನು ಅಲ್ಲೇ ಕೂರಿಸಿದ್ದರೆ ನಾನು ಈ ಕವಿತೆಯನ್ನು ಒಪ್ಪುತ್ತಿರಲಿಲ್ಲ. ಆದರೆ ಅವಳ ಕಣ್ಣು ಮೊರದಲ್ಲೇ ನೆಟ್ಟಿಲ್ಲ. ಅತ್ತಿತ್ತ ಹೋಗಿ ಬರುವವರ ಕಡೆಗೂ ಹರಿಯುತ್ತದೆ. ಮನೆಗೆಲಸದ ಆಚೆಗೂ ಚಲಿಸುವ ಒಂದು ಮನಸ್ಸು ಅವಳಿಗಿದೆ ಎಂಬುದನ್ನು ಕವಿ ಮರೆಮಾಡಿಲ್ಲ. ಗೃಹಲಕ್ಷ್ಮಿಯ ಪಟ ಬರೆಯುವವನಿಗೆ ಆ ಅಲೆಯುವ ಕಣ್ಣು ಬೇಕಾಗುವುದಿಲ್ಲ. ಸರ್ಕಾರಿ ನೌಕರಿಯ ಸಣ್ಣ ಸಂಬಳದಲ್ಲಿ ಸಂಸಾರ ಸಾಗಿಸಿದ ಈ ಕವಿಗೆ ಬೇಕಾಗಿತ್ತು.

ಹಾಗೆಂದು ಕವಿತೆಗೆ ಮಿತಿ ಇಲ್ಲದಿಲ್ಲ. ನೋಡುವವನು ನೋಡುತ್ತಲೇ ಇರುತ್ತಾನೆ. ಪಕ್ಕದಲ್ಲಿ ಕೂತು ಒಂದು ಹಿಡಿ ಅಕ್ಕಿ ಆರಿಸುವುದಿಲ್ಲ. ಅವಳಿಗೆ ಒಂದು ಮಾತೂ ಇಲ್ಲ. ಇದೇ ಕವಿಯ ‘ಒಂದಿರುಳು ಕನಸಿನಲಿ’ ಕವಿತೆಯ ಹೆಂಡತಿಯಾದರೋ, ನಮ್ಮೂರು ಚೆಂದವೋ ನಿಮ್ಮೂರು ಚೆಂದವೋ ಎಂದು ಕೇಳಿದ ಗಂಡನನ್ನೇ ಸುಮ್ಮನಿರಿಸುತ್ತಾಳೆ. ಆ ದಿಟ್ಟ ನಾಲಿಗೆ ಇವಳಿಗೂ ಇರಬೇಕಿತ್ತು ಅನ್ನಿಸುತ್ತದೆ.

ನನಗಿರುವ ದೊಡ್ಡ ದೂರು ನಮ್ಮ ಕೇಳುವ ರೂಢಿಯ ಮೇಲೆ. ಸುಗಮ ಸಂಗೀತ ಈ ಕವಿಯನ್ನು ಮನೆಮನೆಗೆ ಮುಟ್ಟಿಸಿತು. ಆ ಋಣ ದೊಡ್ಡದು. ಆದರೆ ರಾಗದ ಇಂಪಿನಲ್ಲಿ ಅಕ್ಕಿ ಆರಿಸುವ ಆ ಹೆಂಗಸಿನ ದುಡಿಮೆ ಕರಗಿಹೋಗುತ್ತದೆ, ಬಳೆಯ ಸದ್ದಷ್ಟೇ ಉಳಿಯುತ್ತದೆ. ಮದುವೆ ಮನೆಯಲ್ಲಿ ಈ ಹಾಡಿಗೆ ತಲೆದೂಗುವವರು ಅಡುಗೆಮನೆಯಲ್ಲಿ ಹೊಗೆ ಕುಡಿಯುತ್ತಿರುವವರ ಕಡೆ ತಿರುಗಿ ನೋಡದೆ ಎದ್ದು ಹೋಗುವುದು ನನಗೆ ನೋವು ತರುತ್ತದೆ. ‘ಮೈಸೂರು ಮಲ್ಲಿಗೆ’ಯ ಘಮಕ್ಕಿಂತ ಈ ನುಚ್ಚಕ್ಕಿಯ ಕವಿತೆ ನನ್ನ ಲೆಕ್ಕದಲ್ಲಿ ಒಂದು ತೂಕ ಹೆಚ್ಚು. ಹಾಡಾಗಿ ಮಾತ್ರ ಇದನ್ನು ಬಲ್ಲವರು ಒಮ್ಮೆ ಪುಸ್ತಕ ತೆರೆದು, ರಾಗ ಬಿಟ್ಟು, ನಿಧಾನವಾಗಿ ಓದಿ ನೋಡಬೇಕು.