ಹಳತಿನ ಅಳತೆಗೋಲು: ವಿಂಡೋಸ್ 11 ಮತ್ತು ಮನೆಬಳಕೆಯ ಕಂಪ್ಯೂಟರು

ಮನೆಬಳಕೆಯ ಕಂಪ್ಯೂಟರು ಹಳತಾಯಿತೆಂದು ತೀರ್ಮಾನಿಸುವವರು ಬಹುಕಾಲದವರೆಗೆ ಅದನ್ನು ಬಳಸುವವರೇ ಆಗಿದ್ದರು. ಹೊಸ ತಂತ್ರಾಂಶ ಹಳೆಯ ಯಂತ್ರದಲ್ಲಿ ತೆವಳತೊಡಗಿದಾಗ ರ್‍ಯಾಮ್ ಹೆಚ್ಚಿಸಿಯೋ, ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಿಯೋ ಇನ್ನಷ್ಟು ವರ್ಷ ದೂಡುವುದು ಸಾಧ್ಯವಿತ್ತು. ಇನ್ನು ಸಾಕೆನಿಸಿದಾಗಲಷ್ಟೇ ಹೊಸದರ ಮಾತು ಬರುತ್ತಿತ್ತು. ಮೈಕ್ರೋಸಾಫ್ಟ್ ಸಂಸ್ಥೆ 2021ರ ಅಕ್ಟೋಬರ್ 5ರಂದು ಬಿಡುಗಡೆ ಮಾಡಿದ ವಿಂಡೋಸ್ 11 ಎಂಬ ಆಪರೇಟಿಂಗ್ ಸಿಸ್ಟಂ, ಅಂದರೆ ಯಂತ್ರದ ಬಿಡಿಭಾಗಗಳಿಗೂ ಬಳಕೆಯ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ಮೂಲ ತಂತ್ರಾಂಶ, ಈ ತೀರ್ಮಾನವನ್ನು ಬಳಕೆದಾರರ ಅನುಭವದಿಂದ ತಯಾರಕರ ಪಟ್ಟಿಗೆ ವರ್ಗಾಯಿಸಿತು. ಅಂಚು ದುಂಡಗಾದ ಕಿಟಕಿಗಳು, ಪರದೆಯ ನಡುವಿಗೆ ಸರಿದ ಸ್ಟಾರ್ಟ್ ಗುಂಡಿ ಮೊದಲಾದ ಬದಲಾವಣೆಗಳಿಗಿಂತ ಈ ವರ್ಗಾವಣೆಯೇ ವಿಮರ್ಶೆಗೆ ಯೋಗ್ಯವಾದ ಸಂಗತಿ.

ಈ ವ್ಯವಸ್ಥೆ ಕೇಳುವ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಸಂಗ್ರಹ ಸ್ಥಳ ಹಳೆಯ ಯಂತ್ರಗಳಿಗೂ ಭಾರವಲ್ಲ. ತಡೆ ಇರುವುದು ಟಿಪಿಎಂ 2.0 ಎಂಬ ಭದ್ರತಾ ಘಟಕದ ಕಡ್ಡಾಯದಲ್ಲಿ ಮತ್ತು ಪ್ರೊಸೆಸರುಗಳ ಪಟ್ಟಿಯಲ್ಲಿ. ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಕೀಲಿಗಳನ್ನು ಇತರ ತಂತ್ರಾಂಶಗಳ ಕೈಗೆ ಸಿಗದಂತೆ ಕಾಯುವ ಟಿಪಿಎಂ ನಿಜಕ್ಕೂ ಉಪಯುಕ್ತವಾದುದು. ಲ್ಯಾಪ್‌ಟಾಪ್ ಕಳವಾದರೂ ಅದರೊಳಗಿನ ಕಡತಗಳು ಕಳ್ಳನಿಗೆ ತೆರೆದುಕೊಳ್ಳದಿರುವುದರಲ್ಲಿ ಅದರ ಪಾಲು ದೊಡ್ಡದು. ಆದ್ದರಿಂದ ಈ ಷರತ್ತನ್ನು ಕೇವಲ ವ್ಯಾಪಾರದ ತಂತ್ರವೆಂದು ತಳ್ಳಿಹಾಕುವುದು ನ್ಯಾಯವಾಗದು.

ಪ್ರೊಸೆಸರುಗಳ ಪಟ್ಟಿಯ ಬಗ್ಗೆ ಇದೇ ಮಾತು ಹೇಳುವುದು ಕಷ್ಟ. ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನವುಗಳನ್ನು ಬಹುಮಟ್ಟಿಗೆ ಹೊರಗಿಟ್ಟ ಸಂಸ್ಥೆ, ಪರೀಕ್ಷಾ ಹಂತದಲ್ಲಿ ಅರ್ಹತೆಯಿಲ್ಲದ ಯಂತ್ರಗಳಲ್ಲಿ ವ್ಯವಸ್ಥೆಯ ಒಳತಿರುಳೇ ಕುಸಿಯುವ ಪ್ರಸಂಗಗಳು ಶೇ. 52ರಷ್ಟು ಹೆಚ್ಚಾಗಿದ್ದವೆಂದೂ, ಅರ್ಹ ಯಂತ್ರಗಳ ಅನುಭವ ಶೇ. 99.8ರಷ್ಟು ಕುಸಿತರಹಿತವಾಗಿತ್ತೆಂದೂ ಸಮರ್ಥನೆ ನೀಡಿತು. ಎರಡೂ ಅಂಕಿಗಳನ್ನು ಒಟ್ಟಿಗಿಟ್ಟು ಓದಿದಾಗ ವಾದದ ಬಲ ಕುಗ್ಗುತ್ತದೆ, ಏಕೆಂದರೆ ತೀರಾ ಸಣ್ಣ ಸಂಖ್ಯೆಯೊಂದು ಒಂದೂವರೆ ಪಟ್ಟಾದರೂ ಸಣ್ಣದಾಗಿಯೇ ಉಳಿಯುತ್ತದೆ. 7ನೇ ತಲೆಮಾರಿನ ಕೋರ್ ಐ7-7820ಎಚ್‌ಕ್ಯೂ ಪ್ರೊಸೆಸರಿಗೆ ಆಯ್ದ ಯಂತ್ರಗಳಲ್ಲಿ ಮಾತ್ರ ವಿನಾಯಿತಿ ದೊರೆತದ್ದು, ಅದು ಸಂಸ್ಥೆಯದೇ ಸರ್ಫೇಸ್ ಸ್ಟುಡಿಯೋ 2ರ ಪ್ರೊಸೆಸರ್ ಆಗಿದ್ದದ್ದು, ಗೆರೆ ಎಳೆದವರ ಅನುಕೂಲವೂ ಗೆರೆಯಲ್ಲಿ ಸೇರಿದೆಯೆಂಬ ಸಂದೇಹಕ್ಕೆ ಎಡೆಮಾಡಿತು.

ಈ ಗೆರೆಯ ಪರಿಣಾಮ ಪೂರ್ತಿಯಾಗಿ ತಟ್ಟಿದ್ದು, 2015ರ ಜುಲೈ 29ರಂದು ಬಂದಿದ್ದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ. ಬೆಂಬಲ ಮುಗಿದ ವ್ಯವಸ್ಥೆ ಕೆಟ್ಟು ನಿಲ್ಲುವುದಿಲ್ಲ. ಆದರೆ ಅದರಲ್ಲಿ ಹೊಸದಾಗಿ ಕಂಡುಬರುವ ಭದ್ರತಾ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲವಾದ್ದರಿಂದ ಬ್ಯಾಂಕ್ ವ್ಯವಹಾರವನ್ನೂ ಅದರಲ್ಲೇ ನಡೆಸುವ ಮನೆಗೆ ಅಪಾಯ ಬೆಳೆಯುತ್ತ ಹೋಗುತ್ತದೆ. ಇನ್ನೊಂದು ವರ್ಷದ ಭದ್ರತಾ ದುರಸ್ತಿಗೆ 30 ಡಾಲರ್ ಕೊಡುವುದು, ಇಲ್ಲವೇ ಸಂಸ್ಥೆಯ ಖಾತೆಯ ಮೂಲಕ ಯಂತ್ರದ ಸೆಟ್ಟಿಂಗ್‌ಗಳ ಬ್ಯಾಕಪ್ ಇಡುವುದು ಮುಂತಾದ ದಾರಿಗಳನ್ನು ಘೋಷಿಸಲಾಯಿತು. ಗ್ರಾಹಕ ಸಂಘಟನೆಗಳ ಒತ್ತಾಯದ ನಂತರ ಯುರೋಪಿಯನ್ ಆರ್ಥಿಕ ವಲಯದ ಬಳಕೆದಾರರಿಗೆ ಹಣವೂ ಬ್ಯಾಕಪ್ಪಿನ ಷರತ್ತೂ ತಪ್ಪಿದವು. ಸಂಘಟಿತ ಗ್ರಾಹಕರಿರುವಲ್ಲಿ ಷರತ್ತು ಸಡಿಲವಾಗಬಲ್ಲದೆಂದರೆ, ಅದರ ಮೂಲ ಎಂಜಿನಿಯರಿಂಗ್‌ನಲ್ಲಿ ಇರಲಿಲ್ಲವೆಂದೇ ಅರ್ಥ.

ಹೊರಹೋದದ್ದಕ್ಕೆ ಬದಲಾಗಿ ಒಳಬಂದದ್ದು ಏನೆಂಬುದನ್ನೂ ನೋಡಬೇಕು. 2024ರ ಮೇ ತಿಂಗಳಲ್ಲಿ ಘೋಷಿತವಾದ ಕೋಪೈಲಟ್ ಪ್ಲಸ್ ಪಿಸಿಗಳು 16 ಜಿಬಿ ರ್‍ಯಾಮ್ ಮತ್ತು ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದೇ ಸೆಕೆಂಡಿಗೆ 40 ಲಕ್ಷ ಕೋಟಿ ಗಣನೆಗಳನ್ನು ಮಾಡಬಲ್ಲ ಘಟಕವನ್ನು ಬೇಡುತ್ತವೆ. ಅವುಗಳ ಮುಖ್ಯ ಆಕರ್ಷಣೆಯಾದ ರೀಕಾಲ್, ಪರದೆಯ ಚಿತ್ರಗಳನ್ನು ಮೇಲಿಂದ ಮೇಲೆ ಸೆರೆಹಿಡಿದು ಯಂತ್ರದಲ್ಲೇ ಇಟ್ಟು, ಹಿಂದೆ ಕಂಡದ್ದನ್ನು ಹುಡುಕಿಕೊಡುವ ಸೌಲಭ್ಯ. ಭದ್ರತಾ ತಜ್ಞರ ಆಕ್ಷೇಪದಿಂದ ಮುಂದೂಡಲ್ಪಟ್ಟು, ಬಳಕೆದಾರರು ಒಪ್ಪಿದರೆ ಮಾತ್ರ ಚಾಲೂ ಆಗುವಂತೆ ತಿದ್ದುಪಡಿ ಹೊಂದಿ, 2025ರ ಏಪ್ರಿಲ್‌ನಲ್ಲಿ ಜನರ ಕೈಸೇರಿತು. ಆಗ ಅದು ಪಳಗಿದ್ದ ಆರು ಭಾಷೆಗಳಲ್ಲಿ ಕನ್ನಡವಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನೂ ತುಂಗಾ ಎಂಬ ಅಕ್ಷರಶೈಲಿಯನ್ನೂ ವ್ಯವಸ್ಥೆಯೊಳಗೇ ಒದಗಿಸಿತ್ತೆಂಬುದನ್ನು ನೆನೆದರೆ, ಕನ್ನಡದ ಮನೆಗೆ ಯಾವ ಬಿಡುಗಡೆ ನಿಜವಾಗಿ ಹೊಸದಾಗಿತ್ತೆಂಬ ಪ್ರಶ್ನೆಗೆ ಉತ್ತರ ತಾನಾಗಿ ಹೊಳೆಯುತ್ತದೆ.

ಒಟ್ಟಿನಲ್ಲಿ ವಿಂಡೋಸ್ 11 ಭದ್ರತೆಯ ವಿನ್ಯಾಸವಾಗಿ ಸಮರ್ಥನೀಯ, ಮನೆಬಳಕೆದಾರರೊಂದಿಗಿನ ಒಪ್ಪಂದವಾಗಿ ದುರ್ಬಲ. ಓಡುತ್ತಿರುವ ಯಂತ್ರವನ್ನೂ ಪಟ್ಟಿಯೊಂದು ಹಳತೆಂದು ಸಾರಬಲ್ಲ ಕಾಲದಲ್ಲಿ, ಕೊಳ್ಳುವವರು ಪೆಟ್ಟಿಗೆಯ ಮೇಲಿನ ಸೌಲಭ್ಯಗಳ ಸಾಲಿಗಿಂತ ಮೊದಲು ಕೇಳಬೇಕಾದದ್ದು ಅದರ ಬೆಂಬಲ ಮುಗಿಯುವ ದಿನಾಂಕವನ್ನು.