ನೋಡುವ ಕಳ್ಳತನ, ಆಡುವ ಕಳ್ಳತನ

ಕಾದಂಬರಿ ನಾಟಕವಾದಾಗ, ನಾಟಕ ಚಲಚ್ಚಿತ್ರವಾದಾಗ ಮೂಲಕ್ಕೆ ಬಂದ ಲಾಭನಷ್ಟಗಳನ್ನು ನಮ್ಮ ವಿಮರ್ಶಕರು ಬೇಕಾದಷ್ಟು ತೂಗಿ ನೋಡಿದ್ದಾರೆ. ಚಲಚ್ಚಿತ್ರವೇ ಆಟವಾಗಿಬಿಟ್ಟರೆ ಅದಕ್ಕೆ ಯಾವ ತಕ್ಕಡಿ ಹಿಡಿಯಬೇಕು? ಪಿಕ್ಸೆಲಾಜಿಕ್ ಎಂಬ ಸಂಸ್ಥೆ ಪ್ಲೇಸ್ಟೇಷನ್ ಯಂತ್ರಕ್ಕಾಗಿ ರಚಿಸಿ, 2001ರಲ್ಲಿ ಹೊರಬಂದ ‘ದಿ ಇಟಾಲಿಯನ್ ಜಾಬ್’ ಎಂಬ ಕಾರೋಟದ ವೀಡಿಯೋ ಆಟ ನನ್ನಲ್ಲಿ ಈ ಪ್ರಶ್ನೆಯನ್ನು ಎಬ್ಬಿಸಿತು. ಇದಕ್ಕೆ ಆಧಾರ ಪೀಟರ್ ಕಾಲಿನ್ಸನ್ ನಿರ್ದೇಶಿಸಿದ 1969ರ ಇಂಗ್ಲಿಷ್ ಚಿತ್ರ. 2003ರಲ್ಲಿ ಅಮೆರಿಕದವರು ಅದೇ ಹೆಸರಿನಿಂದ ಬೇರೊಂದು ಚಿತ್ರ ತೆಗೆದರು, ಅದರ ಬೆನ್ನಿಗೆ ಬೇರೊಂದು ಆಟವೂ ಬಂತು. ಅವೆರಡರ ಮಾತು ಇಲ್ಲಿ ಬೇಡ.

ಚಿತ್ರವನ್ನು ನೋಡದವರಿಗೆ ಕಥೆ ಇಷ್ಟು. ಸೆರೆಮನೆಯಿಂದ ಆಗತಾನೆ ಹೊರಬಿದ್ದ ಚಾರ್ಲಿ ಕ್ರೋಕರ್ (ಮೈಕೇಲ್ ಕೇನ್) ಇಟಲಿಯ ಟ್ಯೂರಿನ್ ನಗರದಲ್ಲಿ 40 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ದೋಚಲು ಹೊರಡುತ್ತಾನೆ. ಅವನ ಬೆನ್ನಿಗೆ ನಿಂತವನು ಸೆರೆಮನೆಯೊಳಗೇ ಅರಸನಂತೆ ಬಾಳುವ ಬ್ರಿಡ್ಜರ್. ನೋಯೆಲ್ ಕವರ್ಡ್ ಅವರದು ಆ ಪಾತ್ರ. ಊರಿನ ವಾಹನಸಂಚಾರವನ್ನು ನಡೆಸುವ ಗಣಕಯಂತ್ರವನ್ನು ಕೆಡಿಸಿ, ನಗರವನ್ನೆಲ್ಲ ನಿಂತಲ್ಲೇ ನಿಲ್ಲಿಸಿ, ಕೆಂಪು, ಬಿಳಿ, ನೀಲಿ ಬಣ್ಣದ ಮೂರು ಮಿನಿ ಕೂಪರ್ ಕಾರುಗಳಲ್ಲಿ ಚಿನ್ನವನ್ನು ಪಾರುಮಾಡುವುದು ಅವರ ಹಂಚಿಕೆ. ಆ ಪುಟ್ಟ ಕಾರುಗಳು ಅಂಗಡಿಸಾಲಿನ ಕಮಾನುಗಳ ಕೆಳಗೆ ನುಸುಳುತ್ತವೆ. ಮದುವೆ ನಡೆಯುತ್ತಿರುವ ಚರ್ಚಿನ ಮೆಟ್ಟಿಲಿಳಿಯುತ್ತವೆ. ಫಿಯಟ್ ಕಾರ್ಖಾನೆಯ ತಾರಸಿಯ ಮೇಲೆ ಕಾರುಗಳ ಪರೀಕ್ಷೆಗೆಂದೇ ಕಟ್ಟಿದ ಪಥದಲ್ಲಿ ಸುತ್ತುತ್ತವೆ. ಪೋ ನದಿಯ ಒಡ್ಡನ್ನು ದಾಟುತ್ತವೆ. ಓಡಿಸಿದವರು ರೆಮಿ ಜೂಲಿಯೆನ್ ಎಂಬ ಫ್ರೆಂಚ್ ಸಾಹಸಿ ಮತ್ತು ಅವರ ತಂಡ.

ಇದನ್ನು ನೋಡುತ್ತ ನಾವು ಮಕ್ಕಳಂತೆ ನಗುತ್ತೇವೆ. ಚಿನ್ನ ನಮ್ಮದಲ್ಲ, ಸಿಕ್ಕಿಬಿದ್ದರೆ ಸೆರೆ ನಮಗಲ್ಲ. ಹಾಗೆಂದು ಕಾರಿನೊಳಗೆ ಕುಳಿತವರು ನಮಗೆ ತೀರ ಪರರೂ ಅಲ್ಲ. ತನ್ನದೂ ಅಲ್ಲದ ಪರರದೂ ಅಲ್ಲದ ಈ ನೆಲೆಯನ್ನೇ ನಮ್ಮ ಆಲಂಕಾರಿಕರು ಸಾಧಾರಣೀಕರಣವೆಂದು ಕರೆದರು. ರಸ ಹುಟ್ಟುವುದು ಅಲ್ಲಿ.

ಆಟದಲ್ಲಿ ಆ ನೆಲೆಯೇ ಇಲ್ಲ. ಅಲ್ಲಿ ಕ್ರೋಕರ್ ನಾನೇ. ಲಂಡನ್ನಿನಲ್ಲಿ ಆರಂಭವಾಗಿ ಟ್ಯೂರಿನ್ನಿಗೆ ಸಾಗುವ ಕಥೆಯನ್ನು ಬಿಡಿಬಿಡಿ ಕಾರ್ಯಗಳಾಗಿ ಒಡೆದಿದ್ದಾರೆ. ಇಂಥಲ್ಲಿಗೆ ಇಷ್ಟು ಹೊತ್ತಿನೊಳಗೆ ಕಾರನ್ನು ಮುಟ್ಟಿಸು ಎಂಬ ಅಪ್ಪಣೆ. ತಪ್ಪಿದರೆ ಮೊದಲಿಂದ ಮತ್ತೆ. ನನ್ನ ತಮ್ಮನ ಮಗ ಹಳೆಯ ಯಂತ್ರವೊಂದನ್ನು ಎಲ್ಲಿಂದಲೋ ಕೊಂಡುತಂದು, ಮೂರು ಸಂಜೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಆಡಿದ. ಪರದೆಯನ್ನು ನೋಡಿದಷ್ಟೇ ನಾನು ಅವನ ಮುಖವನ್ನೂ ನೋಡಿದೆ. ಪರೀಕ್ಷೆಗೆ ಕುಳಿತವನ ಮುಖ. ಒಮ್ಮೆಯಾದರೂ ನಗಬಾರದೇನೋ ಎಂದರೆ, “ನಗ್ತಾ ಕೂತ್ರೆ ಟೈಮ್ ಹೋಗತ್ತೆ, ದೊಡ್ಡಪ್ಪಾ” ಎಂದ.

ಇಂಥ ಆಟಗಳಿಂದ ಹುಡುಗರು ಕಳ್ಳರಾಗುತ್ತಾರೆಂದು ಹಿರಿಯರು ಕೆಲವರು ಅಂಜುತ್ತಾರೆ. ಆ ಅಂಜಿಕೆ ನನಗಿಲ್ಲ. ನನ್ನ ದೂರು ಇದಕ್ಕೆ ತೀರ ವಿರುದ್ಧವಾದದ್ದು: ಈ ಆಟ ಕಳ್ಳನನ್ನು ಗುಮಾಸ್ತನನ್ನಾಗಿ ಮಾಡಿದೆ. ಹೊತ್ತಿಗೆ ಸರಿಯಾಗಿ ಬಾ, ಹೇಳಿದ್ದನ್ನು ಮುಗಿಸು, ಮುಂದಿನ ಕಡತ ತೆಗೆ! ಕ್ರೋಕರನ ಸೊಗಸೆಲ್ಲ ಇದ್ದದ್ದು ಅವನ ಉಡಾಫೆಯಲ್ಲಿ.

ಇಷ್ಟಾಗಿಯೂ ಆಟಕ್ಕೆ ಸಲ್ಲಬೇಕಾದ ಮೆಚ್ಚಿಕೆಯೊಂದುಂಟು. ಚಲಚ್ಚಿತ್ರದ ಕತ್ತರಿ ಬಹಳ ಸುಳ್ಳು ಹೇಳುತ್ತದೆ. ಚಿತ್ರದಲ್ಲಿ ಟ್ಯೂರಿನ್ನಿನ ಒಳಚರಂಡಿಯೆಂದು ನಾವು ನಂಬುವ ಕೊಳವೆ ಇರುವುದು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ! ಆಟದ ಊರು ನಿಜವಾದ ಊರಿನ ಪಡಿಯಚ್ಚಲ್ಲ, ಸರಿಯೆ. ಆದರೆ ಅಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ದಾರಿಯನ್ನು ನಾವೇ ಸವೆಸಬೇಕು. ಗಡಿಯಾರದ ಕಾಟವಿಲ್ಲದೆ ಸುಮ್ಮನೆ ಊರು ಸುತ್ತಲೂ ಒಂದು ಅನುಕೂಲವನ್ನಿಟ್ಟಿದ್ದಾರೆ. ಹುಡುಗ ಬಿಗಿದ ಹುಬ್ಬನ್ನು ಸಡಿಲಿಸಿದ್ದು ಅಲ್ಲಿ ಮಾತ್ರ. ನನಗೆ ಹಿಡಿಸಿದ ಭಾಗವೂ ಅದೇ.

ಚಿತ್ರದ ಮುಕ್ತಾಯವನ್ನು ನೆನೆದರೆ ವ್ಯತ್ಯಾಸ ಇನ್ನೂ ನಿಚ್ಚಳವಾಗುತ್ತದೆ. ಚಿನ್ನ ಹೊತ್ತ ಬಸ್ಸು ಆಲ್ಪ್ಸ್ ಪರ್ವತದ ತಿರುವಿನಲ್ಲಿ ಜಾರಿ, ಅರ್ಧ ರಸ್ತೆಯ ಮೇಲೆ, ಅರ್ಧ ಪ್ರಪಾತದ ಮೇಲೆ ತೂಗುತ್ತದೆ. ಒಂದು ತುದಿಗೆ ಮನುಷ್ಯರು, ಇನ್ನೊಂದು ತುದಿಗೆ ಚಿನ್ನ. ತನಗೊಂದು ಉಪಾಯ ಹೊಳೆದಿದೆ ಎನ್ನುತ್ತಾನೆ ಕ್ರೋಕರ್. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಗೆದ್ದರೋ ಸೋತರೋ ಯಾರೂ ಹೇಳುವುದಿಲ್ಲ. ಪ್ರತಿಯೊಂದು ಕಾರ್ಯಕ್ಕೂ ಗೆಲುವೋ ಸೋಲೋ ಬರೆದು ಮುಂದೆ ಹೋಗುವ ಆಟಕ್ಕೆ ಇಂಥ ಮೌನ ಒಗ್ಗದು. ಈ ಮೌನವನ್ನು ಸಹಿಸದವರು ಆಟಗಾರರಷ್ಟೇ ಅಲ್ಲ. ಬಸ್ಸಿನಿಂದ ಚಿನ್ನವನ್ನು ಇಳಿಸುವ ಬಗೆ ತಿಳಿಸಿರೆಂದು ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2008ರಲ್ಲಿ ಒಂದು ಸ್ಪರ್ಧೆಯನ್ನೇ ಹೂಡಿತು. ಅದಕ್ಕೆ ಜನ ಲೆಕ್ಕ ಹಾಕಿ ಉತ್ತರ ಬರೆದು ಕಳಿಸಿದರು.

ಆಟವನ್ನು ಆಡಬೇಕೆನ್ನುವವರು ಮೊದಲು ಚಿತ್ರವನ್ನು ನೋಡಿರಲಿ. ಹುಡುಗನಿಗೆ ಅದನ್ನು ಮುಂದಿನ ಭಾನುವಾರ ತೋರಿಸುವವನಿದ್ದೇನೆ.